ಕುರಿಯ ರಕ್ತದ ಚೀಟಿ ಓದುವ ಬಗೆ

(ಶಿರಸಿಯಲ್ಲಿ ಕುರಿ ಸಾಕುವವರಿಗೂ ಪಶುವೈದ್ಯಕೀಯ ಸಿಬ್ಬಂದಿಗೂ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಟಗರು ಬಿಟ್ಟು ಎರಡು ತಿಂಗಳಾದರೂ ಅರ್ಧ ಕುರಿ ಗಬ್ಬ ನಿಂತಿಲ್ಲ, ರಕ್ತ ಪರೀಕ್ಷೆ ಮಾಡಿಸಿದರೆ ಕಾರಣ ಗೊತ್ತಾಗುತ್ತದಾ ಎಂದು ಕೇಳುವವರು ಬಹಳ. ಗೊತ್ತಾಗುತ್ತದೆ. ಆದರೆ ಲ್ಯಾಬಿನಿಂದ ಬಂದ ಚೀಟಿಯ ಮುಂಬದಿ ಎಷ್ಟು ಮುಖ್ಯವೋ, ಅದರ ಹಿಂಬದಿಯಲ್ಲಿ ನೀವು ಪೆನ್ನಿನಲ್ಲಿ ಬರೆದ ನಾಲ್ಕು ಸಂಗತಿಗಳೂ ಅಷ್ಟೇ ಮುಖ್ಯ: ಕುರಿ ಗಬ್ಬದ ಎಷ್ಟನೇ ದಿನದಲ್ಲಿತ್ತು, ರಕ್ತ ತೆಗೆದದ್ದು ಯಾವ ಹೊತ್ತಿಗೆ, ಅದರ ಬೆನ್ನಿನ ಮೇಲೆ ಕೈಯಿಟ್ಟಾಗ ಮಾಂಸ ಎಷ್ಟಿತ್ತು, ಹಿಂದಿನ ಹದಿನೈದು ದಿನ ಅದು ತಿಂದದ್ದೇನು. ಈ ನಾಲ್ಕು ಇಲ್ಲದ ಚೀಟಿಯನ್ನು ಯಾರು ಓದಿದರೂ ಅದು ಕವಡೆ ಹಾಕಿ ಹೇಳಿದಂತೆಯೇ.

ನಮ್ಮ ಜಿಲ್ಲೆ ಕುರಿಯ ಸೀಮೆಯಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಕಾರವಾರ, ಅಂಕೋಲಾ, ಕುಮಟಾ ಕಡೆ ಆಡು ಕಂಡೀತು, ಕುರಿ ಅಪರೂಪ. ಘಟ್ಟದ ಮೇಲೆ ಮುಂಡಗೋಡ, ಹಳಿಯಾಳ, ಬನವಾಸಿ ಬಯಲಿಗೆ ಗದ್ದೆ ಕೊಯ್ಲಾದ ಮೇಲೆ ಬಯಲುಸೀಮೆಯ ಕುರುಬರ ಹಿಂಡು ಬರುತ್ತದೆ, ಗದ್ದೆಯಲ್ಲಿ ಕುರಿ ನಿಲ್ಲಿಸುತ್ತಾರೆ, ಮಳೆ ಹಿಡಿಯುವ ಮುಂಚೆ ವಾಪಸು ಹೋಗುತ್ತಾರೆ. ಅವರು ಹೋಗುವುದು ಸುಮ್ಮನೆ ಅಲ್ಲ. ಒಣ ನೆಲದ ಕುರಿಗೆ ಇಲ್ಲಿಯ ಮಳೆಗಾಲ ಅಂದರೆ ಗೊರಸು ಕೊಳೆತ ಮತ್ತು ಹೊಟ್ಟೆ ಹುಳ. ಈಗ ಕೆಲವರು ಅಟ್ಟದ ಕೊಟ್ಟಿಗೆ ಕಟ್ಟಿ ಬನ್ನೂರು, ನಾರಿ ಸುವರ್ಣ ತಳಿಗಳನ್ನು ವರ್ಷವಿಡೀ ಇಲ್ಲೇ ಸಾಕುತ್ತಿದ್ದಾರೆ. ಇವತ್ತಿನ ಮಾತು ಹೆಚ್ಚಾಗಿ ಅಂಥವರಿಗೆ. ನಾರಿ ಸುವರ್ಣ ಮಹಾರಾಷ್ಟ್ರದ ಫಲ್ಟಣದಲ್ಲಿ ಬೆಳೆಸಿದ ತಳಿ, ಅದರಲ್ಲಿರುವ ಅವಳಿ ಮರಿಯ ಜೀನು ಸುಂದರಬನದ ಗರೋಲ್ ಕುರಿಯಿಂದ ಬಂದದ್ದು. ಅವಳಿ ಬಂದರೆ ಲಾಭ ಹೌದು. ಆದರೆ ತಾಯಿಯ ರಕ್ತದಲ್ಲಿನ ಸಕ್ಕರೆಯನ್ನು ಹೊಟ್ಟೆಯೊಳಗೆ ಎರಡು ಬಾಯಿ ಹಂಚಿಕೊಳ್ಳುತ್ತವೆ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಮೊದಲು ರಕ್ತ ತೆಗೆಯುವುದು. ತಪ್ಪು ಅಂಕಿಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ.

ಬೆಳಿಗ್ಗೆ ಮೇವು ಹಾಕುವ ಮುಂಚೆ, ಎಲ್ಲ ಕುರಿಗಳಿಂದಲೂ ಒಂದೇ ಹೊತ್ತಿಗೆ ತೆಗೆಯಿರಿ. ಕುರಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಹೆದರಿಕೆಗೆ ಅಡ್ರಿನಲಿನ್ ಏರಿ, ಯಕೃತ್ತಿನಲ್ಲಿದ್ದ ಸಕ್ಕರೆ ರಕ್ತಕ್ಕೆ ಸುರಿಯುತ್ತದೆ. 50 ಇರಬೇಕಾದ ಗ್ಲೂಕೋಸ್ 90 ತೋರಿಸುತ್ತದೆ, ನೀವು ಕುರಿ ಚೆನ್ನಾಗಿದೆ ಅಂದುಕೊಳ್ಳುತ್ತೀರಿ. ಹಿಂದಿನ ರಾತ್ರಿಯೇ ಸಣ್ಣ ಕಟ್ಟೆಯಲ್ಲಿ ಕೂಡಿಹಾಕಿ. ಒಬ್ಬರು ಕುರಿಯ ಹಿಂಭಾಗವನ್ನು ಗೋಡೆಗೆ ಒತ್ತಿ, ಗದ್ದ ಎತ್ತಿ, ತಲೆಯನ್ನು ಸ್ವಲ್ಪ ಓರೆ ಹಿಡಿಯಬೇಕು. ಇನ್ನೊಬ್ಬರು ಕುತ್ತಿಗೆಯ ಗುಳಿಯಲ್ಲಿ ಉಣ್ಣೆ ಸರಿಸಿ, ಸ್ಪಿರಿಟ್ ಒರೆಸಿ, ಗುಳಿಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿದರೆ ನರ ಹಗ್ಗದಂತೆ ಉಬ್ಬುತ್ತದೆ. ಬೆರಳು ಬಿಟ್ಟಾಗ ಇಳಿದು, ಒತ್ತಿದಾಗ ಮತ್ತೆ ಉಬ್ಬಿದರೆ ಅದೇ ಜುಗುಲಾರ್, ಅಂದರೆ ನಮಗೆ ಬೇಕಾದ ಕುತ್ತಿಗೆಯ ರಕ್ತನಾಳ. 18 ಅಥವಾ 20 ಗೇಜಿನ ಸೂಜಿ, 10 ಎಂಎಲ್ ರಕ್ತ ಸಾಕು. ಸಿರಂಜನ್ನು ಜೋರಾಗಿ ಎಳೆಯಬೇಡಿ, ಸೂಜಿಯ ಮೂಲಕವೇ ಟ್ಯೂಬಿಗೆ ಒತ್ತಿ ಹಾಯಿಸಲೂಬೇಡಿ. ರಕ್ತಕಣ ಒಡೆದರೆ ಸೀರಂ ಕೋಕಮ್ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ, ರಂಜಕವೂ ಎಎಸ್‌ಟಿ ಎಂಬ ಕಿಣ್ವವೂ ಸುಳ್ಳಾಗಿ ಏರುತ್ತವೆ.

ಟ್ಯೂಬಿನ ಮುಚ್ಚಳದ ಬಣ್ಣ ನೋಡಿ ಹಾಕಬೇಕು. ಕೆಂಪು ಮುಚ್ಚಳದಲ್ಲಿ ಸೀರಂ ಪರೀಕ್ಷೆಗಳು: ಪ್ರೋಟೀನ್, ಅಲ್ಬುಮಿನ್, ಯೂರಿಯಾ, ಕ್ಯಾಲ್ಸಿಯಂ, ಕಿಣ್ವಗಳು. ಬೂದು ಮುಚ್ಚಳದಲ್ಲಿ ಫ್ಲೋರೈಡ್ ಇರುತ್ತದೆ, ಅದು ಗ್ಲೂಕೋಸಿಗೆ. ಬೂದು ಟ್ಯೂಬಿನ ರಕ್ತದಲ್ಲೇ ಯೂರಿಯಾ ನೋಡಿದರೆ ಲೆಕ್ಕ ಕೆಡುತ್ತದೆ, ಯೂರಿಯಾ ಅಳೆಯುವ ಯೂರಿಯೇಸ್ ಕಿಣ್ವವನ್ನು ಫ್ಲೋರೈಡ್ ಕಟ್ಟಿಹಾಕುತ್ತದೆ. ನೇರಳೆ ಮುಚ್ಚಳದಲ್ಲಿರುವ ಇಡಿಟಿಎ ಕ್ಯಾಲ್ಸಿಯಮನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಅದು ರಕ್ತಕಣಗಳ ಪ್ರಮಾಣ, ಅಂದರೆ ಪಿಸಿವಿ ನೋಡಲು ಮಾತ್ರ. ಕೆಂಪು ಟ್ಯೂಬನ್ನು ಅಲುಗಿಸದೆ ಅರ್ಧದಿಂದ ಒಂದು ತಾಸು ನಿಲ್ಲಿಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ನಿಮಿಷಕ್ಕೆ 3000 ಸುತ್ತಿನಂತೆ 10 ನಿಮಿಷ ತಿರುಗಿಸಿ, ಸೀರಂ ಬೇರೆ ಮಾಡಿಕೊಂಡು ತಣ್ಣಗಿಟ್ಟು ಕಳಿಸಿ. ಬೇರೆ ಮಾಡದ ರಕ್ತವನ್ನು ಬಸ್ಸಿನಲ್ಲಿ ಘಟ್ಟ ಇಳಿಸಿದರೆ, ಕುಲುಕಾಟಕ್ಕೇ ಅರ್ಧ ಕಣ ಒಡೆದಿರುತ್ತದೆ.

ಇನ್ನೊಂದು ದೊಡ್ಡ ಗುಂಡಿ. ಊರಿನಲ್ಲಿ ಸಿಗುವುದು ಮನುಷ್ಯರ ಲ್ಯಾಬು. ಅಲ್ಲಿ ಪರೀಕ್ಷೆ ಮಾಡಿಸುವುದರಲ್ಲಿ ತಪ್ಪಿಲ್ಲ, ಯಂತ್ರಕ್ಕೆ ಕುರಿಯೂ ಒಂದೇ ಮನುಷ್ಯನೂ ಒಂದೇ. ಆದರೆ ಚೀಟಿಯ ಬಲಬದಿಯಲ್ಲಿ ಅಚ್ಚಾದ ‘ನಾರ್ಮಲ್’ ಮನುಷ್ಯರದ್ದು. ಕುರಿಯ ಅಲ್ಬುಮಿನ್ ಡೆಸಿಲೀಟರಿಗೆ 2.4ರಿಂದ 3.0 ಗ್ರಾಂ ಇದ್ದರೆ ಸರಿ. ಚೀಟಿ ಮಾತ್ರ 2.7ಕ್ಕೆ ಕೆಂಪು ಗೆರೆ ಎಳೆದಿರುತ್ತದೆ. ಕುರಿಯ ಗ್ಲೂಕೋಸ್ 50ರಿಂದ 80 ಮಿಲಿಗ್ರಾಂ, ಮನುಷ್ಯರ ಲೆಕ್ಕದಲ್ಲಿ 55 ಅಂದರೆ ಗಾಬರಿ. ಇದಕ್ಕೆ ತಿರುವುಮುರುವಾದದ್ದು ಕ್ಯಾಲ್ಸಿಯಂ: ಕುರಿಗೆ 11.5ರಿಂದ 12.8 ಬೇಕು, ಚೀಟಿ 9.2ನ್ನು ನೋಡಿ ‘ಸರಿಯಿದೆ’ ಅನ್ನುತ್ತದೆ, ಗಬ್ಬದ ಕುರಿ ಅಲ್ಲಿ ಕುಸಿದು ಬೀಳುವ ಹಾದಿಯಲ್ಲಿರುತ್ತದೆ. ಯೂರಿಯಾ ವಿಷಯದಲ್ಲೂ ಎಚ್ಚರ ಬೇಕು. ಪುಸ್ತಕಗಳಲ್ಲಿ ಕುರಿಗೆ 8ರಿಂದ 20 ಎಂದು ಬರೆದಿರುವುದು ಯೂರಿಯಾದ ಸಾರಜನಕದ ಅಂಕಿ. ನಮ್ಮ ಲ್ಯಾಬುಗಳ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಪೂರ್ತಿ ಯೂರಿಯಾ. ಅದನ್ನು 2.14ರಿಂದ ಭಾಗಿಸಿ ನೋಡಿ, 30 ಇದ್ದದ್ದು 14 ಆಗುತ್ತದೆ.

ಈಗ ಗಬ್ಬ ನಿಲ್ಲುವ ವಿಚಾರ. ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ 24ರಿಂದ 36 ತಾಸು ಇರುತ್ತದೆ, ಅದರ ಕೊನೆಯ ಹೊತ್ತಿಗೆ ಅಂಡ ಬಿಡುಗಡೆಯಾಗುತ್ತದೆ. ಎಷ್ಟು ಅಂಡ ಎಂಬುದು ಅರ್ಧ ವಂಶದ್ದು, ಅರ್ಧ ಆ ಹೊತ್ತಿನ ಹೊಟ್ಟೆಯದ್ದು. ಕುರಿ ತಿಂದ ಹುಲ್ಲು ಸಕ್ಕರೆಯಾಗಿ ರಕ್ತಕ್ಕೆ ಹೋಗುವುದಿಲ್ಲ. ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಆಮ್ಲಗಳನ್ನಾಗಿ ಮಾಡುತ್ತವೆ. ಅದರಲ್ಲಿ ಪ್ರೊಪಿಯಾನಿಕ್ ಆಮ್ಲವನ್ನು ಯಕೃತ್ತು ಹಿಡಿದು ಗ್ಲೂಕೋಸ್ ಮಾಡುತ್ತದೆ. ಜೋಳ, ಕಾಳು ಕೊಟ್ಟಾಗ ಈ ಆಮ್ಲ ಹೆಚ್ಚು, ಬರೀ ಭತ್ತದ ಹುಲ್ಲಿನಲ್ಲಿ ಕಡಿಮೆ. ಟಗರು ಬಿಡುವ ಮೂರು ವಾರ ಮುಂಚಿನಿಂದ ದಿನಕ್ಕೆ 250 ಗ್ರಾಂ ದಾಣಿ (ಕಾಳು, ಹಿಂಡಿ, ಬೂಸಾ ಕೂಡಿಸಿದ ತಿನಿಸು) ಕೊಟ್ಟರೆ ಗ್ಲೂಕೋಸ್, ಇನ್ಸುಲಿನ್ ಎರಡೂ ಏರಿ ಅಂಡಾಶಯದಲ್ಲಿ ಹೆಚ್ಚು ಕೋಶಗಳು ಹಣ್ಣಾಗುತ್ತವೆ. ಇದರ ಫಲ ಸಿಗುವುದು ಬೆನ್ನಿನ ಅಂಕ 2ರಿಂದ 2.5 ಇರುವ ಕುರಿಗೆ. ಕೊನೆಯ ಪಕ್ಕೆಲುಬಿನ ಹಿಂದೆ ಕೈಯಿಟ್ಟು ನೋಡಿ: ಬೆನ್ನೆಲುಬು ಗರಗಸದಂತೆ ಚುಚ್ಚಿದರೆ 1, ಎಲುಬಿನ ತುದಿಗಳು ಒತ್ತಿದರೆ ಮಾತ್ರ ಸಿಕ್ಕಿ ಮೇಲೆ ಮಾಂಸ ತುಂಬಿದ್ದರೆ 3, ಎಲುಬೇ ಸಿಗದಿದ್ದರೆ 5. ಮೊದಲೇ 3.5 ಇರುವ ಕುರಿಗೆ ದಾಣಿ ಸುರಿಯುವುದು ದುಡ್ಡು ಹಾಳು.

ಇಲ್ಲೊಂದು ವಿಚಿತ್ರವಿದೆ, ಬಹಳ ಜನ ಎಡವುವುದೂ ಇಲ್ಲೇ. ಟಗರು ಹತ್ತಿದ ಮೇಲೂ ‘ಗಬ್ಬ ಗಟ್ಟಿಯಾಗಲಿ’ ಎಂದು ದಾಣಿ ಏರಿಸುತ್ತಾರೆ. ಗಬ್ಬ ಹಿಡಿದಿಡುವುದು ಪ್ರೊಜೆಸ್ಟೆರಾನ್. ಅಂಡಾಶಯದ ಹಳದಿ ಕಾಯ ಅದನ್ನು ಮಾಡುತ್ತದೆ, ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಕುರಿಗೆ ದಿನದ ಅಗತ್ಯದ ಎರಡು ಪಟ್ಟು ತಿನ್ನಿಸಿದರೆ ಯಕೃತ್ತಿಗೆ ಹರಿಯುವ ರಕ್ತ ಹೆಚ್ಚಿ, ಪ್ರೊಜೆಸ್ಟೆರಾನ್ ಬೇಗ ಖರ್ಚಾಗುತ್ತದೆ. ಹನ್ನೆರಡನೇ ದಿನದ ಸುಮಾರಿಗೆ ಭ್ರೂಣ ತಾನಿದ್ದೇನೆ ಎಂದು ತಾಯಿಗೆ ಸುಳಿವು ಕೊಡಬೇಕು. ಹಾರ್ಮೋನ್ ಕಡಿಮೆಯಾದರೆ ಭ್ರೂಣ ಹಿಂದುಳಿಯುತ್ತದೆ, ಸುಳಿವು ತಲುಪುವುದಿಲ್ಲ, 17ನೇ ದಿನ ಕುರಿ ಮತ್ತೆ ಬೆದೆಗೆ ಬರುತ್ತದೆ. ಹಾಗೆಂದು ಹಸಿವಿಗೆ ಹಾಕಿದರೂ ಭ್ರೂಣ ಉಳಿಯದು. ಟಗರು ಹತ್ತಿದ ಕುರಿಯನ್ನು ಬೇರೆ ಮಾಡಿ, ಸಾಧಾರಣ ಮೇವಿಗೆ ಮರಳಿಸಿ. ಯಾವುದಕ್ಕೆ ಹತ್ತಿದೆ ಎಂದು ತಿಳಿಯಲು ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಜಾಜು ಹಚ್ಚಿದರೆ ಸಾಕು, ಕುರಿಯ ಬೆನ್ನಿನ ಹಿಂಬದಿ ಕೆಂಪಾಗುತ್ತದೆ. 17 ದಿನ ಕಳೆದ ಮೇಲೆ ಬಣ್ಣ ಬದಲಿಸಿ. ಎರಡು ಬಣ್ಣ ಬಿದ್ದ ಕುರಿ ಮೊದಲ ಸಲ ನಿಂತಿಲ್ಲ ಎಂದು ಅರ್ಥ. ಎಲ್ಲ ಕುರಿಗೂ ಎರಡು ಬಣ್ಣ ಬಿದ್ದಿದ್ದರೆ ಕುರಿಯ ರಕ್ತ ತೆಗೆಯುವ ಮುಂಚೆ ಟಗರನ್ನು ನೋಡಿ.

ಯೂರಿಯಾ ಸಾರಜನಕ 8ಕ್ಕಿಂತ ಕೆಳಗಿದ್ದು ಬೆನ್ನಿನ ಅಂಕವೂ 2ರ ಆಸುಪಾಸಿನಲ್ಲಿದ್ದರೆ ಪ್ರೋಟೀನ್ ಸಾಲದು ಎಂದೇ ಲೆಕ್ಕ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ. 3ರಿಂದ 4, ಹೊಟ್ಟೆಯ ಸೂಕ್ಷ್ಮಜೀವಿಗಳು ಬದುಕಲು ಶೇ. 7ಆದರೂ ಬೇಕು. ಇಲ್ಲಿ ಕಾಳಿಗಿಂತ ಗ್ಲಿರಿಸಿಡಿಯಾ, ಅಗಸೆ, ಹಲಸಿನ ಸೊಪ್ಪು ಮೊದಲ ಮದ್ದು. ಬೆಟ್ಟದ ಸೊಪ್ಪು ತರುವವರಿಗೆ ಇದೇನು ಹೊಸ ಕೆಲಸವಲ್ಲ. ಯೂರಿಯಾ ಸಾರಜನಕ 20 ದಾಟಿದರೆ ತಿರುಗಾ ತೊಂದರೆ: ಹಿಂಡಿ ಹೆಚ್ಚು, ಅದನ್ನು ಬಳಸಿಕೊಳ್ಳುವ ಶಕ್ತಿಯ ಮೇವು ಕಡಿಮೆ. ಗರ್ಭಕೋಶದೊಳಗಿನ ಹದ ಕೆಟ್ಟು ಎಳೆ ಭ್ರೂಣ ಸಾಯುತ್ತದೆ.

ಅಲ್ಬುಮಿನ್ ಕಡಿಮೆ ಬಂದ ತಕ್ಷಣ ಮೇವು ಸಾಲದು ಎಂದು ಹಿಂಡಿ ತರಲು ಓಡಬೇಡಿ. ನಮ್ಮ ನೆಲದಲ್ಲಿ ಅದು ಹೆಚ್ಚಾಗಿ ಹುಳದ ಸುದ್ದಿ, ಯಾವ ಹುಳ ಎಂಬುದೂ ಒಂದು ಕಳೆಯುವ ಲೆಕ್ಕದಿಂದ ಗೊತ್ತಾಗುತ್ತದೆ. ಒಟ್ಟು ಪ್ರೋಟೀನಿನಿಂದ ಅಲ್ಬುಮಿನ್ ಕಳೆದರೆ ಉಳಿದದ್ದು ಗ್ಲೋಬುಲಿನ್, ಕುರಿಯಲ್ಲಿ 3.5ರಿಂದ 5.7 ಇರಬೇಕು. ಮಾತಿಗೆ ಎರಡು ಚೀಟಿ ಇಟ್ಟುಕೊಳ್ಳೋಣ. ಒಂದರಲ್ಲಿ ಒಟ್ಟು 4.6, ಅಲ್ಬುಮಿನ್ 1.8. ಉಳಿದದ್ದು 2.8, ಎರಡೂ ಕೆಳಗೆ. ರಕ್ತವೇ ಸೋರಿಹೋಗುತ್ತಿದೆ. ಪಿಸಿವಿ ನೋಡಿದರೆ 27ಕ್ಕಿಂತ ಬಹಳ ಕೆಳಗಿರುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿರುತ್ತದೆ, ದವಡೆಯ ಕೆಳಗೆ ನೀರು ತುಂಬಿ ಚೀಲ ಜೋತಿರಲೂಬಹುದು. ಇದು ಹೀಮಾಂಕಸ್, ನಾಲ್ಕನೇ ಹೊಟ್ಟೆಯ ರಕ್ತ ಹೀರುವ ಹುಳ. ಒಂದು ಹುಳ ದಿನಕ್ಕೆ 0.05 ಎಂಎಲ್ ಹೀರುತ್ತದೆ ಎಂಬುದು ರೂಢಿಯ ಲೆಕ್ಕ, ಸಾವಿರ ಹುಳವಿದ್ದರೆ 50 ಎಂಎಲ್ ಆಯಿತು. ಇನ್ನೊಂದು ಚೀಟಿಯಲ್ಲಿ ಒಟ್ಟು 7.6, ಅಲ್ಬುಮಿನ್ ಅದೇ 1.8. ಉಳಿದದ್ದು 5.8. ಒಟ್ಟು ಅಂಕಿ ಮಾತ್ರ ನೋಡಿದವರು ಕುರಿ ಗಟ್ಟಿ ಇದೆ ಅನ್ನುತ್ತಾರೆ. ಆದರೆ ಅಲ್ಬುಮಿನ್ ಮಾಡುವ ಯಕೃತ್ತು ಸೋತಿದೆ, ರೋಗದ ವಿರುದ್ಧ ಗ್ಲೋಬುಲಿನ್ ಏರಿದೆ. ಜೊತೆಗೆ ಯಕೃತ್ತಿಗೆ ಪೆಟ್ಟಾದಾಗ ಏರುವ ಜಿಜಿಟಿ ಎಂಬ ಕಿಣ್ವ 52ರ ಮಿತಿ ದಾಟಿ ನೂರರ ಮೇಲಿದ್ದರೆ ಯಕೃತ್ತಿನ ಚಪ್ಪಟೆ ಹುಳದ ಗುಮಾನಿ ಬಲವಾಗುತ್ತದೆ. ಗದ್ದೆ ಬದುವಿನ, ಕೆರೆಯಂಚಿನ ಬಸವನಹುಳುವಿನಿಂದ ಬರುವ ಕಾಟ ಅದು. ಎರಡಕ್ಕೂ ಸೆಗಣಿ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಿ. ಅಲ್ಬೆಂಡಜೋಲನ್ನು ಟಗರು ಹತ್ತಿದ ಮೊದಲ ಒಂದು ತಿಂಗಳು ಕೊಡಬೇಡಿ, ಭ್ರೂಣಕ್ಕೆ ಊನವಾಗುತ್ತದೆ. ಹುಳದ ಔಷಧ ಟಗರು ಬಿಡುವ ಮುಂಚೆಯೇ ಮುಗಿದಿರಲಿ.

ಇನ್ನು ಕೊನೆಯ ಆರು ವಾರ. ಗಬ್ಬ ಸುಮಾರು 150 ದಿನ. ಮರಿಯ ತೂಕದ ಶೇ. 70ರಷ್ಟು ಬೆಳೆಯುವುದು ಈ ಆರು ವಾರದಲ್ಲಿ. ಅಕ್ಟೋಬರ್ 1ಕ್ಕೆ ಟಗರು ಹತ್ತಿದರೆ ಫೆಬ್ರವರಿ ಕೊನೆಗೆ ಮರಿ, ಅಂದರೆ ಕೊನೆಯ ಆರು ವಾರ ಸರಿಯಾಗಿ ಬ್ಯಾಣದ ಹುಲ್ಲು ಒಣಗಿ ಕಡ್ಡಿಯಾದ ಹೊತ್ತು. ಗರ್ಭಕೋಶ ಹಿಗ್ಗಿ ಹೊಟ್ಟೆಗೆ ಜಾಗ ಕಡಿಮೆ, ಮೇವಿನಲ್ಲಿ ಸತ್ವ ಕಡಿಮೆ, ಒಳಗೆ ಅವಳಿ. ಗ್ಲೂಕೋಸ್ ಸಾಲದೆ ಕುರಿ ತನ್ನ ಕೊಬ್ಬು ಕರಗಿಸುತ್ತದೆ, ಅದು ಪೂರ್ತಿ ಉರಿಯದೆ ಕೀಟೋನ್ ಆಗುತ್ತದೆ. ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಎಂಬ ಕೀಟೋನ್ ಲೀಟರಿಗೆ 0.8 ಮಿಲಿಮೋಲ್ ಒಳಗಿದ್ದರೆ ಸರಿ. 0.8ರಿಂದ 1.6ರ ತನಕ ಮೇವು ಸಾಲುತ್ತಿಲ್ಲ. 1.6 ದಾಟಿದರೆ ಇವತ್ತೇ ಮೇವು ಬದಲಿಸಬೇಕು. 3ರ ಮೇಲೆ ಹೋದರೆ ಗಬ್ಬದ ನಂಜು: ಕುರಿ ಹಿಂಡು ಬಿಟ್ಟು ನಿಲ್ಲುತ್ತದೆ, ಕಣ್ಣು ಕಾಣದಂತೆ ಗೋಡೆಗೆ ಹಾಯುತ್ತದೆ, ಹಲ್ಲು ಕಡಿಯುತ್ತದೆ, ಆಮೇಲೆ ಮಲಗಿದ್ದು ಏಳುವುದಿಲ್ಲ. ಈ ಕೀಟೋನನ್ನು ಬೆರಳ ಗಾತ್ರದ ಪಟ್ಟಿಯ ಮೀಟರಿನಲ್ಲಿ ಕೊಟ್ಟಿಗೆಯಲ್ಲೇ ನೋಡಬಹುದು. ಇಲ್ಲಿ ಗ್ಲೂಕೋಸನ್ನು ನಂಬಬೇಡಿ. ಒಳಗೆ ಮರಿ ಸತ್ತರೆ ಗ್ಲೂಕೋಸ್ ಇದ್ದಕ್ಕಿದ್ದಂತೆ ಏರುತ್ತದೆ, ಅದು ಒಳ್ಳೆಯ ಸುದ್ದಿಯಲ್ಲ.

ದಾಣಿಯನ್ನು ಮನೆಯಲ್ಲೇ ಕೂಡಿಸುವುದಾದರೆ ನೂರು ಕಿಲೋಗೆ ಮೆಕ್ಕೆಜೋಳದ ನುಚ್ಚು 40, ಶೇಂಗಾ ಹಿಂಡಿ 20, ಗೋಧಿ ಬೂಸಾ 37, ಕುರಿಯ ಲವಣ ಮಿಶ್ರಣ 2, ಉಪ್ಪು 1. ಆರು ವಾರ ಮುಂಚೆ 250 ಗ್ರಾಮಿನಿಂದ ಶುರು ಮಾಡಿ, ಅವಳಿ ಇರುವ ಕುರಿಗೆ ನಿಧಾನವಾಗಿ 400ರಿಂದ 500 ಗ್ರಾಮಿಗೆ ಏರಿಸಿ, ದಿನಕ್ಕೆ ಎರಡು ಸಲ ಹಂಚಿ ಕೊಡಿ. ಮಳೆಗಾಲದಲ್ಲಿ ಬೂಸಲು ಹಿಡಿದ ಹಿಂಡಿಯನ್ನು ಒಣಗಿಸಿ ಹಾಕುವುದು ಬೇಡ, ಬೂಸಲು ಹೋದರೂ ಅದರ ವಿಷ ಉಳಿದಿರುತ್ತದೆ. ಭತ್ತದ ಹುಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಮನ್ನು ಕಟ್ಟಿಹಾಕುತ್ತದೆ, ಬೂಸಾ, ಜೋಳಗಳಲ್ಲೂ ಕ್ಯಾಲ್ಸಿಯಂ ಕಡಿಮೆ. ದಿನಕ್ಕೆ 10 ಗ್ರಾಂ ನುಣ್ಣಗೆ ಬೀಸಿದ ಚಿಪ್ಪಿನ ಪುಡಿ ಕರಾವಳಿಯವರಿಗೆ ಸುಲಭ. ಎಲೆಗೆ ಹಚ್ಚುವ ಸುಣ್ಣ ಮಾತ್ರ ಬೇಡ, ಅದು ಬಾಯಿ ಸುಡುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆಂದೇ ಒಂದು ವಿಷಯ ಇಟ್ಟುಕೊಂಡಿದ್ದೇನೆ. ಅಡಿಕೆ ತೋಟದ ಹುಲ್ಲು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ ಇರುತ್ತದೆ. ಅದರಲ್ಲಿ ಕಾಲು ಭಾಗ ತಾಮ್ರ, ಅಂದರೆ 250 ಗ್ರಾಂ. ಅಡಿಕೆ ಗೊನೆಯಿಂದ ತೊಟ್ಟಿಕ್ಕಿ ಹುಲ್ಲಿನ ಮೇಲೆ ಬೀಳುವ ಪ್ರತಿ ಎಂಎಲ್‌ನಲ್ಲಿ 2.5 ಮಿಲಿಗ್ರಾಂ. ಒಂದು ಕಿಲೋ ಒಣ ಮೇವು ತಿನ್ನುವ ಕುರಿಗೆ ದಿನಕ್ಕೆ ಬೇಕಾದದ್ದು 7ರಿಂದ 11 ಮಿಲಿಗ್ರಾಂ. 10 ಎಂಎಲ್ ತೊಟ್ಟು ಬಿದ್ದ ಹುಲ್ಲು ತಿಂದರೆ 25 ಆಯಿತು, ವಾರಗಟ್ಟಲೆ ಹಾಗೇ ತಿಂದರೆ ವಿಷ. ಅದೇ ಹುಲ್ಲು ತಿಂದ ಆಕಳಿಗೆ ಏನೂ ಆಗದಿರಬಹುದು, ಕುರಿ ತಾಮ್ರವನ್ನು ಹೊರಹಾಕುವುದರಲ್ಲಿ ಬಹಳ ಹಿಂದೆ. ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಕೂಡಿಟ್ಟು, ಗಬ್ಬದ ಕೊನೆಗೋ ಗಾಡಿಯಲ್ಲಿ ಸಾಗಿಸಿದಾಗಲೋ ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ. ರಕ್ತಕಣ ಒಡೆದು ಕಾಮಾಲೆಯಾಗುತ್ತದೆ, ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ಬರುತ್ತದೆ, ಒಂದೆರಡು ದಿನದಲ್ಲಿ ಕುರಿ ಇಲ್ಲ. ಅಲ್ಲಿಯವರೆಗೆ ರಕ್ತದ ತಾಮ್ರ ನೋಡಿದರೆ ಸರಿಯಾಗೇ ಇರುತ್ತದೆ. ಮುಂಚಿತವಾಗಿ ಸುಳಿವು ಕೊಡುವುದು ಎಎಸ್‌ಟಿ, ಜಿಜಿಟಿ ಕಿಣ್ವಗಳು. ಹುಳವೂ ಇಲ್ಲ, ಜಿಜಿಟಿ ಮಾತ್ರ ಏರಿದೆ ಅಂದರೆ ಕೇಳಬೇಕಾದ ಪ್ರಶ್ನೆ ಒಂದೇ, ಹುಲ್ಲು ಯಾವ ತೋಟದ್ದು? ಔಷಧ ಹೊಡೆದ ತೋಟದ ಹುಲ್ಲು ದನಕ್ಕಿರಲಿ. ದನದ ಲವಣ ಮಿಶ್ರಣವನ್ನು ಕುರಿಗೆ ಹಾಕಬೇಡಿ ಅನ್ನುವುದೂ ಇದೇ ಕಾರಣಕ್ಕೆ, ಅದರಲ್ಲಿ ತಾಮ್ರ ಹೆಚ್ಚು.

ಸಭೆಯ ಪ್ರಶ್ನೆಗಳಿಗೆ ಬರೋಣ.

ಗಬ್ಬದ ನಂಜಿಗೆ ಜೋನಿ ಬೆಲ್ಲ ಕುಡಿಸಬಹುದಾ? ಮನುಷ್ಯರಂತೆ ಅದು ನೇರ ರಕ್ತಕ್ಕೆ ಹೋಗುವುದಿಲ್ಲ. ಹೊಟ್ಟೆಯಲ್ಲಿ ಹುಳಿಯುತ್ತದೆ, ಆಗ ಹುಟ್ಟುವ ಆಮ್ಲಗಳಲ್ಲಿ ಒಂದು ಮತ್ತೆ ಕೀಟೋನನ್ನೇ ಹೆಚ್ಚಿಸುತ್ತದೆ. ಜಾಸ್ತಿಯಾದರೆ ಹೊಟ್ಟೆ ಹುಳಿತು ಬೇರೆ ರೋಗ. ಪ್ರೊಪಿಲಿನ್ ಗ್ಲೈಕಾಲ್ 60 ಎಂಎಲ್ ದಿನಕ್ಕೆರಡು ಸಲ, ಮೂರು ದಿನ ಕುಡಿಸಿ, ಯಕೃತ್ತು ಅದನ್ನು ಗ್ಲೂಕೋಸ್ ಮಾಡುತ್ತದೆ. ಕುರಿ ಮಲಗಿದ್ದರೆ ಕುಡಿಸಲು ಹೋಗಬೇಡಿ, ಶ್ವಾಸಕೋಶಕ್ಕೆ ಹೋದೀತು. ಡಾಕ್ಟರನ್ನು ಕರೆಸಿ ನರಕ್ಕೆ ಡೆಕ್ಸ್‌ಟ್ರೋಸ್ ಹಾಕಿಸಿ, ಕ್ಯಾಲ್ಸಿಯಮನ್ನೂ ಕೇಳಿ. ನಂಜು ಮತ್ತು ಕ್ಯಾಲ್ಸಿಯಂ ಕುಸಿತ ಎರಡೂ ಒಟ್ಟಿಗೆ ಬರುವುದುಂಟು.

ಗಬ್ಬ ನಿಂತದ್ದು ರಕ್ತದಲ್ಲಿ ತಿಳಿಯುತ್ತದಾ? ಟಗರು ಹತ್ತಿದ 17 ಅಥವಾ 18ನೇ ದಿನ ಪ್ರೊಜೆಸ್ಟೆರಾನ್ ಎಂಎಲ್‌ಗೆ 1 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ಗಬ್ಬವಿಲ್ಲ, ಇದು ಹೆಚ್ಚುಕಡಿಮೆ ಖಚಿತ. ಹೆಚ್ಚಿದ್ದರೆ ಗಬ್ಬ ಇರಬಹುದು ಅಷ್ಟೇ. ಆ ದುಡ್ಡಿಗೆ ಜಾಜು ಅಗ್ಗ.

ಕಂದು ಹಾಕಿದ (ಗರ್ಭಪಾತವಾದ) ಕುರಿಯ ರಕ್ತ ಕಳಿಸಬೇಕಾ? ಕಳಿಸಿ, ಆದರೆ ಮೇವಿನ ಪರೀಕ್ಷೆಗೆ ಮುಂಚೆ ಮನುಷ್ಯರಿಗೂ ಅಂಟುವ ಬ್ರುಸೆಲ್ಲಾ ಎಂಬ ರೋಗಾಣುವಿನ ಪರೀಕ್ಷೆಗೆ. ಕಂದನ್ನೂ ಸತ್ತೆಯನ್ನೂ (ಮಾಸನ್ನೂ) ಬರಿಗೈಯಲ್ಲಿ ಮುಟ್ಟಬೇಡಿ.

ಹಿಂಡಿನಲ್ಲಿ ಎಷ್ಟು ಕುರಿಯ ರಕ್ತ ತೆಗೆಯಬೇಕು? ಒಂದೇ ಹಂತದಲ್ಲಿರುವ ಎಂಟರಿಂದ ಹತ್ತು. ಬಡಕಲು ಕುರಿಗಳನ್ನೇ ಆರಿಸಬೇಡಿ, ಚೆನ್ನಾಗಿ ಕಾಣುವವೂ ಅದರಲ್ಲಿರಲಿ.

ಒಂದೇ ಪರೀಕ್ಷೆಗೆ ದುಡ್ಡಿದ್ದರೆ? ಮರಿ ಹಾಕಲು ಮೂರು ವಾರ ಇರುವಾಗ ಕೀಟೋನ್ ನೋಡಿ. ಮೀಟರ್ ಇಲ್ಲದಿದ್ದರೆ ಮೂತ್ರದ ಪಟ್ಟಿಯಾದೀತು. ಮೂತ್ರ ಹಿಡಿಯಲು ಕುರಿಯ ಮೂಗಿನ ಹೊಳ್ಳೆಗಳನ್ನು ಅರ್ಧ ನಿಮಿಷ ಅಂಗೈಯಲ್ಲಿ ಮುಚ್ಚಿ ಬಿಟ್ಟರೆ ಸಾಮಾನ್ಯವಾಗಿ ಹುಯ್ಯುತ್ತದೆ, ಇನ್ನೊಬ್ಬರು ಲೋಟ ಹಿಡಿದು ಹಿಂದೆ ನಿಂತಿರಬೇಕು. ಸುಸ್ತಾದ ಕುರಿಗೆ ಈ ಉಪಾಯ ಬೇಡ. ಪಟ್ಟಿ ನೇರಳೆಗೆ ತಿರುಗಿದರೆ ಅದೇ ಸಂಜೆ ಆ ಕುರಿಯನ್ನು ಬೇರೆ ಕಟ್ಟಿ, ದಾಣಿಯನ್ನು ಎರಡರ ಬದಲು ಮೂರು ಹೊತ್ತಿಗೆ ಹಂಚಿ, ನಾಲ್ಕನೇ ದಿನ ಮತ್ತೊಮ್ಮೆ ನೋಡಿ.